ದೇವಡಿಯ ಗೋಡೆಗೆ ಎರಡೆರಡು ಕೈ ಸುಣ್ಣ

ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಜಾಗೀರದಾರರ ಕಾಲದ ಒಂದು ದೊಡ್ಡ ಬಂಗಲೆ ಇದೆ. ಎಲ್ಲರೂ ಅದನ್ನು ದೇವಡಿ ಎನ್ನುತ್ತಾರೆ. ಅದನ್ನು ಕಾಯುವವನು ಸಿಂಧನೂರು ಕಡೆಯ ಕಲ್ಯಾಣಪ್ಪ. ಮೂವತ್ತೊಂದು ವರ್ಷಗಳಿಂದ ಅದರ ಕುದುರೆ ಲಾಯದ ಕೋಣೆಯೇ ಅವನಿಗೂ ಹೆಂಡತಿ ಅಂಬವ್ವನಿಗೂ ಮನೆ. ಮೆಹದಿಪಟ್ಟಣಂನಲ್ಲಿರುವ ಮಾಲೀಕರು ಈಗ ದೇವಡಿ ಕೆಡವಲು ಅನುಮತಿ ಕೇಳಿದ್ದರು. ಸರ್ಕಾರ ಕಾಪಾಡುವ ಹಳೆಯ ಕಟ್ಟಡಗಳ ಪಟ್ಟಿಗೆ ಸೇರಿದರೆ ಮಾತ್ರ ಅದು ಉಳಿಯುತ್ತಿತ್ತು, ಅದರ ಜೊತೆಗೆ ಇವರ ಕೋಣೆಯೂ.

ಆ ಪಟ್ಟಿ ಮಾಡಲು ಇಲಾಖೆಯಿಂದ ಬಂದವಳು ಸ್ನೇಹಲತಾ. ಅವಳ ಅಜ್ಜ ಕಲಬುರಗಿಯವರು ಎಂದು ತಿಳಿದ ಮೇಲೆ ಕಲ್ಯಾಣಪ್ಪ ಮನಸ್ಸು ಬಿಚ್ಚಿ ಮಾತಾಡಿದ.

"ಯಾರು ಕಟ್ಟಿಸಿದ್ದು, ಯಾವ ಕಾಲದ್ದು, ಏನಾರ ಗೊತ್ತದೇನ್ರಿ ಕಾಕಾ?"

"ಅದು ಗೊತ್ತಿಲ್ರಿ ಬಾಯಾರ. ದೆವ್ವದ ಕತಿ ಬೇಕಾರ ಹೇಳ್ತೀನಿ."

ಹಜಾರಕ್ಕೆ ಕರೆದೊಯ್ದು ಉತ್ತರದ ಗೋಡೆ ತೋರಿಸಿದ. ಅವನು ಬಂದ ಮೊದಲ ಮಳೆಗಾಲದಲ್ಲಿ ಮಾಳಿಗೆ ಸೋರಿ ಗೋಡೆ ತೊಯ್ದಿತ್ತು. ಆಗ ಸುಣ್ಣದೊಳಗಿಂದ ಕಪ್ಪು ಉರ್ದು ಅಕ್ಷರಗಳು ಮೂಡಿದ್ದವು. ಗೋಡೆ ಆರಿದ ಮೇಲೆ ನೋಡಿದರೆ ಒಂದೂ ಇಲ್ಲ. ಇಲ್ಲೇ ತೀರಿಹೋದ ಬೇಗಂ ಒಬ್ಬಳು ದೂರದ ಮಗನಿಗೆ ಕಾಗದ ಬರೆಯುತ್ತಾಳೆಂದು ಗಲ್ಲಿಯ ಜನ ಹೇಳಿದರು. ಅಂಬವ್ವ ಎರಡು ದಿನ ಊಟ ಬಿಟ್ಟಳು.

"ದಸರಾ ಮುಂದ ನಾವು ಮನಿಗೆಲ್ಲಾ ಸುಣ್ಣ ಹಚ್ತೀವಲ್ರಿ, ಈ ಗೋಡಿಗೆ ಮಾತ್ರ ಎರಡೆರಡು ಕೈ ಹಚ್ಕೋತ ಬಂದೆ. ಒಂದು ವರ್ಷ ತಪ್ಪಿಸಿಲ್ಲ. ಏಳೆಂಟು ವರ್ಷಕ್ಕ ಬರಿಯೂದು ಬಿಟ್ಲು ನೋಡ್ರಿ."

"ಇವರ ಕಾಟಕ್ಕ ಬ್ಯಾಸತ್ತು ಹೋಗ್ಯಾಳ್ರಿ," ಅಂದಳು ಬಾಗಿಲಲ್ಲಿ ನಿಂತ ಅಂಬವ್ವ.

ಸ್ನೇಹಲತಾ ನಗಲಿಲ್ಲ. ಬಾಟಲಿಯ ನೀರನ್ನು ಗೋಡೆಗೆ ಎರಚಿ ಕಾದಳು. ನೀರು ಇಳಿಯಿತು, ಅಷ್ಟೆ.

"ಕಾಕಾ, ತೆಳ್ಳನ ಸುಣ್ಣ ತೊಯ್ದರ ಒಳಗಿಂದು ಕಾಣ್ತದ, ಆರಿದ್ರ ಮುಚ್ಚಿಹೋಗ್ತದ. ದಪ್ಪ ಆದ್ರ ತೊಯ್ದರೂ ಕಾಣಂಗಿಲ್ಲ. ಹಜಾರದ ಗೋಡಿಗೆ ಕಟ್ಟಿಸಿದವರ ಹೆಸರು, ವರ್ಷ ಬರಸ್ತಿದ್ರು. ಈ ಮನಿದು ಕಾಗದಪತ್ರ ಒಂದೂ ಸಿಕ್ಕಿಲ್ಲ. ಪಟ್ಟಿಗೆ ಸೇರಸ್ಲಿಕ್ಕೆ ಅದೊಂದು ಕಂಡಿದ್ರ ಸಾಕಾಗ್ತಿತ್ತು."

ಕಲ್ಯಾಣಪ್ಪ ಹೋಗಿ ಸುಣ್ಣ ಕೆರೆಯಲು ಖುರಪಿ ತಂದ. ಬೇಡ, ಕೆಲಸ ಬಲ್ಲವರು ಬರಬೇಕು ಎಂದಳು ಸ್ನೇಹಲತಾ. ಅವರು ಯಾವಾಗ ಬರುತ್ತಾರೆಂದು ಕೇಳಿದ. ಅರ್ಜಿ ಹಾಕಿದರೆ ಆರು ತಿಂಗಳು. ವರದಿ ಕೊಡಬೇಕಾದದ್ದು ಸೋಮವಾರ.

ಅವಳು ಹೋದ ಮೇಲೆ ಒದ್ದೆ ಬಟ್ಟೆ ಒತ್ತಿ, ಸಂಜೆಯವರೆಗೆ ಮೆಲ್ಲಗೆ ಕೆರೆದ. ಸುಣ್ಣ ಪದರ ಪದರವಾಗಿ ಬಿಟ್ಟಿತು. ಕೊನೆಯ ಪದರಕ್ಕೆ ಬಂದಾಗ ಗಾರೆಯೂ ಅದರ ಜೊತೆಗೇ ಕಿತ್ತು ಬಂದು ಪುಡಿಯಾಯಿತು. ಅಂಗೈಯಗಲದ ಒಂದೇ ಚೂರಿನ ಮೇಲೆ ಕಪ್ಪು ಗೆರೆ ಉಳಿದಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ, ಉರ್ದು ಬಲ್ಲ ಗಲ್ಲಿಯ ದರ್ಜಿಯ ಹತ್ತಿರ ಒಯ್ದ. ದರ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಅಲಿಫ್ ಅಕ್ಷರ ಇರಬಹುದು, ಬರಿಯ ಗೀಟೂ ಇರಬಹುದು ಎಂದ.

ಸೋಮವಾರ ಸ್ನೇಹಲತಾ ಫೋನ್ ಮಾಡಿದಳು.

"ಪುರಾವೆ ಸಿಕ್ಕಿಲ್ಲ ಅಂತ ಬರದೀನಿ ಕಾಕಾ. ಸುಳ್ಳು ಬರೀಲಿಕ್ಕೆ ಬರಂಗಿಲ್ಲ."

"ಹೌದ್ರಿ ಬಾಯಾರ. ನೀವ್ಯಾಕ ಸುಳ್ಳು ಬರೀತೀರಿ."

"ಕೋಣಿ ಬಿಡಾಕ ಎಷ್ಟು ದಿನ ಟೈಮ್ ಐತಂತ ನಮಗ?" ಮಾತು ಮುಗಿದ ಮೇಲೆ ಅಂಬವ್ವ ಕೇಳಿದಳು.

ಅದನ್ನು ಅವನು ಕೇಳಿರಲಿಲ್ಲ. ಫೋನು ಇನ್ನೂ ಕೈಯಲ್ಲೇ ಇತ್ತು. ಯಾರಿಗೆ ಮಾಡಬೇಕೆಂದು ತಿಳಿಯಲಿಲ್ಲ.