ಬಲಗಡೆಯಿಂದ ಓದುವ ಪುಸ್ತಕ

ಹರಿಹರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ದಾವಣಗೆರೆಯ ವಿನೋಬನಗರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಜಪಾನಿನ ಚಿತ್ರಕಥೆಗಳ ಹುಚ್ಚು ಹತ್ತಿದ್ದು ಆ ಬಸ್ಸಿನಲ್ಲೇ. ಮಕ್ಕಳು ಓದುವಂಥವಲ್ಲ. ಬರೆದವರು ತಮ್ಮದೇ ಬದುಕನ್ನು ಮುಚ್ಚುಮರೆಯಿಲ್ಲದೆ ಚಿತ್ರ ಬಿಡಿಸಿ ಹೇಳಿಕೊಂಡಂಥವು. ಕೋಣೆಯಲ್ಲಿ ಒಬ್ಬಳೇ ಬಿದ್ದಿರುವುದು, ಊಟ ಸೇರದಿರುವುದು, ಹೆಣ್ಣಾಗಿ ಹೆಣ್ಣನ್ನು ಬಯಸುವುದು, ಎಲ್ಲವೂ ಇಂಗ್ಲಿಷಿಗೆ ಬಂದ ಅಂಥದೊಂದು ಪುಸ್ತಕದಲ್ಲಿತ್ತು. ನನ್ನ ಮನಸ್ಸಿನೊಳಗಿನದನ್ನು ಯಾರೋ ಪರದೇಶದವಳು ಬರೆದುಬಿಟ್ಟಳಲ್ಲ ಎಂದು ಮೊದಲ ಸಲ ಓದಿದಾಗ ಸಿಟ್ಟೇ ಬಂದಿತ್ತು. ಆಮೇಲೆ ಆ ಪುಸ್ತಕಕ್ಕೆ ರಟ್ಟು ಕಾಣದಂತೆ ಪೇಪರ್ ಹೊದಿಸಿ ಬ್ಯಾಗಿನಲ್ಲೇ ಇಟ್ಟುಕೊಂಡೆ.

ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಮನೋವೈದ್ಯರು ನನಗೆ ಬರೆದುಕೊಟ್ಟ ಗುಳಿಗೆಗಳನ್ನು ಅವ್ವ ಥೈರಾಯ್ಡಿನವು ಎಂದೇ ನಂಬಿದ್ದಳು. ಊಟವಾದ ಕೂಡಲೇ ನೆನಪಿಸಿ ನೀರು ತಂದುಕೊಡುತ್ತಿದ್ದಳು. ಹೀಗಿರುವಾಗ ಕೊಕ್ಕನೂರಿನ ಕಡೆಯ ಒಂದು ಸಂಬಂಧ ಬಂತು. ಸೋಮವಾರ ಹೆಣ್ಣು ನೋಡಲು ಬರುವುದೆಂದು ನಿಶ್ಚಯವೂ ಆಯಿತು. ಯಾವ ಗಂಡಸಿನ ಜೊತೆಗೂ ನಾನು ಸಂಸಾರ ಮಾಡಲಾರೆ ಎಂಬುದನ್ನು ಅಷ್ಟರೊಳಗೆ ಅವಳಿಗೆ ಹೇಳಲೇಬೇಕಿತ್ತು. ಶಾಲೆಯಲ್ಲಿ ಇಡೀ ದಿನ ಗಂಟಲು ಹರಿದುಕೊಳ್ಳುವ ನನಗೆ ಮನೆಯಲ್ಲಿ ನಾಲಗೆಯೇ ಏಳಲಿಲ್ಲ.

ಭಾನುವಾರ ಮಧ್ಯಾಹ್ನ ಅವ್ವ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಪುಸ್ತಕವನ್ನು ಅವಳ ಮುಂದಿಟ್ಟೆ.

"ಇದನ್ನ ನೋಡವ್ವ. ಇದ್ರಾಗಿರೋ ಹುಡುಗಿ ನನ್ನಂಗೇ."

ಇಷ್ಟು ಹೇಳಿ ಚಹಾಕ್ಕೆ ಇಡಲು ಒಳಗೆ ಓಡಿದೆ. ಇಂಗ್ಲಿಷ್ ಬರದಿದ್ದರೇನು, ಚಿತ್ರಗಳೇ ಎಲ್ಲ ಹೇಳುತ್ತವೆ ಎಂಬ ಹೇಡಿಯ ಧೈರ್ಯ ನನ್ನದು. ಲೋಟ ಹಿಡಿದು ಹೊರಗೆ ಬಂದಾಗ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು.

"ಪಾಪ, ಯಾವಳದೋ ಸಹವಾಸಕ್ಕೆ ಬಿದ್ದಿದ್ಲು. ಡಾಕ್ಟ್ರಿಗೆ ತೋರಿಸಿದ ಮ್ಯಾಲೆ ನೆಟ್ಟಗಾಗಿ ಅವ್ವನ ಹತ್ರ ಬಂದ್ಲು. ನಿನಗೂ ಹಂಗೇನಾರ ಇದ್ರೆ ಹೇಳು. ತೋರಿಸೋಣ. ನಾನಿಲ್ವಾ?"

ಎಲ್ಲ ಪುಸ್ತಕಗಳಂತೆ ಇದನ್ನೂ ಅವಳು ಎಡಗಡೆಯಿಂದ ತೆರೆದಿದ್ದಳು. ಜಪಾನಿನ ಪುಸ್ತಕ ಶುರುವಾಗುವುದು ಬಲಗಡೆಯಿಂದ. ನಾನು ಓದಿದ ಹುಡುಗಿ ಅವ್ವನ ಮನೆಯಲ್ಲಿ ಕೊರಗಿ, ಆಸ್ಪತ್ರೆ ಅಲೆದು, ಕೊನೆಗೆ ಒಬ್ಬ ಹೆಂಗಸಿನ ತೋಳಿನಲ್ಲಿ ನೆಮ್ಮದಿಯಾಗಿ ನಿದ್ದೆ ಹೋಗುತ್ತಾಳೆ. ಅವ್ವ ಓದಿದ ಹುಡುಗಿ ಆ ತೋಳು ಬಿಟ್ಟು ಹೊರಟು ಅವ್ವನ ಮನೆ ಸೇರಿದ್ದಳು. ಹಾಗೇ ಬಿಟ್ಟುಬಿಡಬಹುದಿತ್ತು. ಅವಳ ಮುಖ ಅಷ್ಟು ನಿರಾಳವಾಗಿತ್ತು. ಆದರೆ ನಾಳೆ ಸೋಮವಾರ.

"ಅದನ್ನ ಆ ಕಡೆಯಿಂದ ಓದ್ಬೇಕವ್ವ."

"ಉರ್ದು ಪುಸ್ತಕದಂಗೇನು?"

"ಹ್ಞೂಂ."

ಅವಳು ಕನ್ನಡಕ ಏರಿಸಿ ಮತ್ತೆ ಮೊದಲಿನಿಂದ ನೋಡತೊಡಗಿದಳು. ಒಂದೊಂದು ಚಿತ್ರದ ಮೇಲೂ ಬೆರಳಿಟ್ಟು ನೋಡಿದಳು. ಚಹಾ ಕೆನೆಗಟ್ಟಿತು. ಕೊನೆಯ ಪುಟಕ್ಕೆ ಬಂದಾಗ ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಫೋನ್ ತೆಗೆದು ಸಂಬಂಧ ತಂದಿದ್ದ ಹಿರಿಯರಿಗೆ ಹಚ್ಚಿದಳು.

"ನಾಳೆ ಬರೋದು ಬ್ಯಾಡ್ರಿ. ಇಲ್ರಿ, ಮುಂದೂ ಬ್ಯಾಡ. ಹುಡುಗಿಗೆ ಮನಸ್ಸಿಲ್ಲ."

ನನಗೆ ಬೇಕಾಗಿದ್ದು ಅದೇ. ಆದರೂ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಅವ್ವ ಫೋನ್ ಕೆಳಗಿಟ್ಟು ಮತ್ತೆ ಪುಸ್ತಕ ಎತ್ತಿಕೊಂಡಳು. ಮೊದಲ ಪುಟ, ಕೊನೆಯ ಪುಟ ಎರಡನ್ನೂ ತಿರುತಿರುಗಿಸಿ ನೋಡಿದಳು.

"ಶುರುವಿನಾಗೆ ಅವ್ವ ಅದಾಳೆ. ಕೊನಿಗೆ ಎಲ್ಲಿ ಹೋದ್ಲು?"

ಅಷ್ಟು ಸಲ ಓದಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಪುಸ್ತಕ ಇಸಿದುಕೊಂಡು ಕೊನೆಯ ಪುಟದ ಪ್ರತಿ ಚಿತ್ರದಲ್ಲೂ ಹುಡುಕಿದೆ. ಅವ್ವ ಎಲ್ಲೂ ಇರಲಿಲ್ಲ.