ವಸೀಮಾ ಬಿಟ್ಟುಕೊಟ್ಟ ಜಾಗ

ಸಿಂಧನೂರಿನ ಸಂತೆ ಬೀದಿಯಲ್ಲಿ ವಸೀಮಾ ಔಷಧಿ ಅಂಗಡಿ ಇಟ್ಟಿದ್ದರು. ಕಾಯಿಪಲ್ಯ ಮಾರುವ ಹೆಂಗಸರು ಉರಿಮೂತ್ರದ ಮಾತ್ರೆ ಕೇಳಿಕೊಂಡು ಪದೇಪದೇ ಬರುತ್ತಿದ್ದರು.

“ನೀರು ಯಾಕ ಕುಡಿಯಂಗಿಲ್ಲ ಕರೆಮ್ಮ?” ಎಂದು ಜವಳಗೇರಾದಿಂದ ಬರುವವಳನ್ನು ಕೇಳಿದರು.

“ಕುಡುದ್ರ ಎಲ್ಲಿಗೆ ಹೋಗ್ಲಿ ಅಕ್ಕಾರ? ಇಲ್ಲಿ ಹೆಣ್ಮಕ್ಕಳಿಗೆ ಮರೆ ಐತೇನು?”

ಆ ಮಾತು ವಸೀಮಾರನ್ನು ಬಿಡಲಿಲ್ಲ. ಚುನಾವಣೆಗೆ ನಿಂತು ನಗರಸಭೆ ಸದಸ್ಯೆಯಾದರು. ಶೌಚಾಲಯ ಬೇಕೆಂದರೆ ಬೀದಿಯವರೆಲ್ಲ ಹೌದೆಂದರು, ಆದರೆ ತಮ್ಮ ಅಂಗಡಿಯ ಹತ್ತಿರ ಯಾರಿಗೂ ಬೇಡವಾಗಿತ್ತು.

“ನನ್ನ ಅಂಗಡಿ ಪಕ್ಕದ ಜಾಗ ಬರ್ದು ಕೊಡ್ತೀನಿ, ಅಲ್ಲೇ ಕಟ್ರಿ,” ಎಂದರು ವಸೀಮಾ.

“ನಾತಕ್ಕ ಗಿರಾಕಿ ಬರಂಗಿಲ್ಲ ನೋಡ್ರಿ ಮೇಡಂ,” ಎಂದ ಬಟ್ಟೆ ಅಂಗಡಿಯ ಗ್ಯಾನಪ್ಪ.

“ನಾತ ಬರದಂಗ ನಾ ನೋಡ್ಕೊಂತೀನಿ.”

ಮುಂದಿನ ಬೇಸಿಗೆಯ ಹೊತ್ತಿಗೆ ಶೌಚಾಲಯ ಎದ್ದಿತು. ಈಗ ವಸೀಮಾ ಬೆಳಿಗ್ಗೆ ಬಂದವರೇ ಅಲ್ಲಿಯ ನಲ್ಲಿ ತಿರುಗಿಸಿ, ನೆಲ ತೊಳೆಸಿ, ಆಮೇಲೆ ತಮ್ಮ ಅಂಗಡಿಯ ಶಟರ್ ಎತ್ತುತ್ತಾರೆ.