ಕತ್ತು ನಿಲ್ಲದ ಒಂಬತ್ತು ಹೆಬ್ಬಾತುಗಳು

ಕೋವಿಡ್ ಕಾಲ ಮುಗಿದ ಎರಡನೆಯ ಬೇಸಿಗೆ. ಮಾಗಡಿ ರಸ್ತೆ ಆಸುಪಾಸಿನ ಬಡಾವಣೆಗಳನ್ನು ನೋಡಿಕೊಳ್ಳುವ ಸರ್ಕಾರಿ ಪಶುವೈದ್ಯೆಯಾಗಿ ಅದು ನನ್ನ ಕೊನೆಯ ಪೋಸ್ಟಿಂಗ್. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಮೂವತ್ತು ವರ್ಷ ಈ ಕೆಲಸ ಮಾಡಿದವಳಿಗೆ ಹೇಸಿಗೆ ಹೊಸದಲ್ಲ. ಹಸುವಿನ ಹೊಟ್ಟೆಯಲ್ಲೇ ಸತ್ತು ಕೊಳೆತ ಕರುವನ್ನು ಭುಜದವರೆಗೆ ಕೈ ಹಾಕಿ ಹೊರತೆಗೆದಿದ್ದೇನೆ. ಅರ್ಧ ಗಂಟೆಯ ಮೇಲೆ ಕೈ ತೊಳೆದು ಅದೇ ಮನೆಯಲ್ಲಿ ಊಟ ಮಾಡಿದ್ದೇನೆ. ಆದರೆ ಅನ್ನಪೂರ್ಣೇಶ್ವರಿ ನಗರದಲ್ಲಿ ಕಳೆದ ಆ ಒಂದು ವಾರ ನೆನಪಾದರೆ ಇವತ್ತಿಗೂ ತುತ್ತು ಒಳಗಿಳಿಯುವುದಿಲ್ಲ.

ಬೆಳಿಗ್ಗೆ ಏಳೂವರೆಗೆ ಜಯಮ್ಮನವರ ಫೋನ್ ಬಂತು. ಬಡಾವಣೆ ಆಗುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಹೊಲ ಹೋಗಿ ಸೈಟುಗಳಾದವು, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದವು. ಜಯಮ್ಮ ಮಾತ್ರ ಮನೆಯ ಹಿಂದೆ ಒಂಬತ್ತು ಹೆಬ್ಬಾತು ಸಾಕಿಕೊಂಡಿದ್ದರು. ಮಾರುವುದಕ್ಕಲ್ಲ, ತಿನ್ನುವುದಕ್ಕೂ ಅಲ್ಲ, ಅಕ್ಕರೆಗೆ.

"ಮೇಡಂ, ಬಾತುಗಳ ಕತ್ತೇ ನಿಲ್ತಾ ಇಲ್ಲ. ಎರಡು ಹೋಗ್ಬಿಟ್ವು. ಬೇಗ ಬನ್ನಿ" ಎಂದರು.

ನಾನು ಹೋದಾಗ ಗೇಟಿನ ಬಳಿ ಅವರ ಯಜಮಾನರು ಹನುಮಂತರಾಯಪ್ಪ ನಿಂತಿದ್ದರು. ಸುತ್ತ ಏಳೆಂಟು ಜನ ನೆರೆಯವರು. "ವಿಷ ಹಾಕವ್ರೆ ಮೇಡಂ. ಯಾರು ಅಂತಾನೂ ಗೊತ್ತು. ನೀವು ಒಂದು ಲೆಟರ್ ಬರ್ಕೊಡಿ ಸಾಕು, ಸ್ಟೇಷನ್‌ಗೆ ಹೋಗ್ತೀನಿ" ಎಂದು ಹಿಂಬದಿಯ ತಮ್ಮದೇ ಬಾಡಿಗೆ ಮನೆಯ ಕಡೆ ಕೈ ತೋರಿಸಿದರು.

ಅಲ್ಲಿ ಮಹಾದೇವಿ ಎಂಬ ಹೆಂಗಸು ನಿಂತಿದ್ದಳು. ವಿಜಯಪುರದ ಕಡೆಯವಳು, ಗಂಡ ಇಲ್ಲ. ಒಂದು ಕೋಣೆಯ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ ಸುತ್ತಲಿನ ಮನೆಗಳಿಗೆ ಮಾರುತ್ತಿದ್ದಳು. ಮಿಕ್ಕ ರೊಟ್ಟಿಯನ್ನು ನೆನೆಸಿ ದಿನಾ ಸಂಜೆ ಹೆಬ್ಬಾತುಗಳಿಗೆ ಹಾಕುತ್ತಿದ್ದಳಂತೆ.

"ನಾ ಯಾಕ್ರಿ ವಿಷ ಹಾಕ್ಲಿ ಡಾಕ್ಟರ್ರ? ಅವು ನನ್ನ ಕೈಯಾಗಿಂದ ತಿಂತಿದ್ವು" ಎಂದಳು.

ಆಗ ನಾನು ಮಾಡಿದ್ದನ್ನು ಇಲ್ಲಿ ಮುಚ್ಚಿಡದೆ ಬರೆಯಬೇಕು. ಅಷ್ಟೂ ಜನರ ಎದುರು ಅವಳ ರೊಟ್ಟಿ ಡಬ್ಬಿ ತರಿಸಿದೆ. ಗ್ಲೌಸ್ ಹಾಕಿಕೊಂಡು ಎರಡು ರೊಟ್ಟಿ ತೆಗೆದು ಸ್ಯಾಂಪಲ್ ಕವರಿಗೆ ಹಾಕಿ ಮೊಹರು ಮಾಡಿದೆ. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ಒಂದು ಹಕ್ಕಿಯನ್ನೂ ಮುಟ್ಟಿ ನೋಡುವ ಮೊದಲೇ ಅದನ್ನು ಮಾಡಿದೆ. ನೆರೆಯ ಹೆಂಗಸೊಬ್ಬಳು, "ಅಯ್ಯೋ, ನಮ್ಮನೇಲಿ ಮಕ್ಕಳೂ ಇದೇ ರೊಟ್ಟಿ ತಿಂತಾರಲ್ಲೇ" ಎಂದದ್ದು ನನಗೆ ಕೇಳಿಸಿತು. ಮಹಾದೇವಿಗೂ ಕೇಳಿಸಿತು.

ಆಮೇಲೆ ಹಕ್ಕಿಗಳನ್ನು ನೋಡಿದೆ. ಏಳು ಬದುಕಿದ್ದವು. ರೆಕ್ಕೆ ಜೋತಿತ್ತು, ಕಾಲಲ್ಲಿ ತ್ರಾಣವಿಲ್ಲ, ಉದ್ದನೆಯ ಕತ್ತು ಒದ್ದೆ ಬಟ್ಟೆಯ ಹಾಗೆ ನೆಲದ ಮೇಲೆ ಬಿದ್ದಿತ್ತು. ಒಂದರ ಕೊಕ್ಕು ತನ್ನದೇ ಹಸಿರು ಹಿಕ್ಕೆಯಲ್ಲಿ ಹೂತಿತ್ತು. ಎತ್ತಿಕೊಳ್ಳಲು ಅದಕ್ಕೆ ಶಕ್ತಿಯಿರಲಿಲ್ಲ. ಜ್ವರ ಇಲ್ಲ. ಬೆಳೆಗೆ ಹೊಡೆಯುವ ಕೀಟನಾಶಕ ತಿಂದ ಹಕ್ಕಿ ಸಾಮಾನ್ಯವಾಗಿ ಜೊಲ್ಲು ಸುರಿಸುತ್ತದೆ, ಅದುರುತ್ತದೆ, ಒದ್ದಾಡುತ್ತದೆ. ಇಲ್ಲಿ ಒದ್ದಾಟವೇ ಇಲ್ಲ. ಕಣ್ಣು ಮಾತ್ರ ಎಚ್ಚರವಾಗಿದ್ದು, ಮೈಯೆಲ್ಲ ಸಡಿಲ. ಇದು ಬೊಟ್ಯುಲಿಸಂ ಇರಬೇಕು ಎಂದು ನನಗೆ ಆಗಲೇ ಅನಿಸಿತು. ಗಾಳಿಯಾಡದೆ ಕೊಳೆತ ಮಾಂಸದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಹುಟ್ಟಿಸುವ ನಂಜು ಅದು. ಆ ಮಾಂಸದಲ್ಲಿ ಬೆಳೆದ ಹುಳು ತಿಂದರೂ ಸಾಕು, ಹಕ್ಕಿಯ ನರ ಸೋಲುತ್ತದೆ.

ಒಟ್ಟಿಗೆ ಹಕ್ಕಿಗಳು ಸತ್ತರೆ ಮೊದಲು ಹಕ್ಕಿಜ್ವರದ ಅನುಮಾನ ನಿವಾರಿಸಬೇಕು. ಮೇಲಧಿಕಾರಿಗಳಿಗೆ ತಿಳಿಸಿ, ಸ್ಯಾಂಪಲ್ ಕಳಿಸಿ, ಅವರು ಹೇಳಿದಂತೆ ಪೂರ್ತಿ ರಕ್ಷಣಾ ಉಡುಪು ತೊಟ್ಟು ಸತ್ತ ಒಂದು ಹಕ್ಕಿಯನ್ನು ಕೊಯ್ದೆ. ಹೊಟ್ಟೆಯಲ್ಲಿ ರೊಟ್ಟಿ ಇರಲಿಲ್ಲ. ಹುಳಿತ ಅನ್ನ, ಮಸಾಲೆ ಹತ್ತಿದ ಕೋಳಿ ಚರ್ಮ, ಅದರ ನಡುವೆ ಮುಷ್ಟಿಯಷ್ಟು ಬಿಳಿ ಹುಳು. ಕೆಲವು ಇನ್ನೂ ಹರಿಯುತ್ತಿದ್ದವು. ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋಗಿ ವಾಂತಿ ಮಾಡಿಕೊಂಡರು.

"ಇವು ಎಲ್ಲಿಗೆ ಮೇಯೋಕೆ ಹೋಗ್ತಾವೆ?" ಎಂದು ಕೇಳಿದೆ.

ಜಯಮ್ಮನಿಗೆ ಗೊತ್ತಿರಲಿಲ್ಲ. ಮಹಾದೇವಿ ಮೆಲ್ಲಗೆ, "ನನ್ನ ಕಿಡಕ್ಯಾಗ ಬಂದು ನೋಡ್ರಿ" ಎಂದಳು.

ಅವಳ ಹಿಂಬದಿಯ ಕಿಟಕಿಯ ಕೆಳಗೆ ಖಾಲಿ ಸೈಟು. ತಗ್ಗು ಜಾಗ. ಅದರ ತುಂಬ ಕಟ್ಟಡದ ಕಲ್ಲುಮಣ್ಣಿನ ಜೊತೆ ಕಪ್ಪು ಪ್ಲಾಸ್ಟಿಕ್ ಚೀಲಗಳು. ಬಿಸಿಲಿಗೆ ಉಬ್ಬಿ ಒಡೆದು ಹಳದಿ ರಸ ಸೋರುತ್ತಿತ್ತು. ಕೋಳಿಯ ಕರುಳು, ಕಾಲು, ಬಿರಿಯಾನಿ, ಬಾಳೆಲೆ, ಊಟದ ತಟ್ಟೆ. ನೆಲವೇ ಹರಿದಾಡುತ್ತಿದೆ ಎನಿಸುವಷ್ಟು ಹುಳು. ನೊಣಗಳ ಸದ್ದು ಒಲೆಯ ಮೇಲೆ ಎಣ್ಣೆ ಕಾದ ಹಾಗೆ. ಕಾಂಪೌಂಡಿನ ಸಂದಿಯಿಂದ ಆ ಗುಂಡಿಗೆ ಇಳಿಯಲು ಹೆಬ್ಬಾತುಗಳೇ ತುಳಿದು ಮಾಡಿಕೊಂಡ ದಾರಿ ಕಾಣುತ್ತಿತ್ತು.

"ಒಂದ್ ತಿಂಗಳಾತ್ರಿ. ಟ್ರ್ಯಾಕ್ಟರ್ ಬರತೈತಿ, ಸುರವಿ ಹೋಗತೈತಿ. ಯಜಮಾನ್ರಿಗೆ ಮೂರ್ ಸಲ ಹೇಳೇನಿ. ಕಿಡಕಿ ಹಾಕ್ಕೊಂಡ್ ಇರು ಅಂದ್ರು. ನಾಲ್ಕನೇ ಸಲ, ಮನಿ ಬಿಡು ಅಂದ್ರು."

ಸೈಟು ಯಾರದೆಂದು ನಾನು ಕೇಳಬೇಕಾಗಲಿಲ್ಲ. ಹಿಂದೆ ಬಂದು ನಿಂತಿದ್ದ ಜಯಮ್ಮ, "ಅದು ನಮ್ದೇ" ಎಂದರು.

ಮುಂದಿನ ನಾಲ್ಕು ದಿನ ಚಿಕಿತ್ಸೆ ನಡೆಯಿತು. ಈ ನಂಜಿಗೆ ಪ್ರತಿವಿಷ ನಮಗೆ ಸಿಗುವಂಥದ್ದಲ್ಲ. ಹೊಟ್ಟೆಯೊಳಗಿನದನ್ನು ಹೊರಹಾಕಿಸಿ, ನಳಿಕೆಯಲ್ಲಿ ನೀರು, ನಂಜು ಹೀರುವ ಇದ್ದಿಲ ಪುಡಿ ಕೊಟ್ಟು, ಹಕ್ಕಿ ತಾನಾಗಿ ಚೇತರಿಸುವ ತನಕ ಉಸಿರು ಕಟ್ಟದಂತೆ ಕಾಯುವುದೇ ದಾರಿ. ಟವೆಲ್ ಸುತ್ತಿ ಕತ್ತಿಗೆ ಒರಗು ಕೊಟ್ಟೆವು. ಹಿಕ್ಕೆ ಮೆತ್ತಿದ ಗರಿಗಳನ್ನು ಒರೆಸಿದೆವು. ಸಂಪರ್ಕದಲ್ಲಿ ಹೆಚ್ಚು ಜನ ಇರಬಾರದೆಂದು ಇಬ್ಬರಿಗಷ್ಟೇ ಗ್ಲೌಸ್, ಮಾಸ್ಕ್ ಕೊಟ್ಟಿದ್ದೆ: ಜಯಮ್ಮನಿಗೆ, ಮಹಾದೇವಿಗೆ. ಕರೆದವರು ಜಯಮ್ಮ. "ಬಾರಮ್ಮ, ನಂಗೊಬ್ಳಿಗೆ ಆಗಲ್ಲ" ಎಂದರು. ಮಹಾದೇವಿ ಬಂದು ಒಂದು ಹಕ್ಕಿಯನ್ನು ಮಡಿಲಿಗೆ ತೆಗೆದುಕೊಂಡು ಕೂತಳು. ಎರಡನೆಯ ದಿನ ಇನ್ನೆರಡು ಸತ್ತವು. ಮೂರನೆಯ ದಿನ ಒಂದು ಹಕ್ಕಿ ಅವಳ ಮಡಿಲಲ್ಲಿ ತಾನಾಗಿ ತಲೆಯೆತ್ತಿತು. ಎತ್ತಿ, ತೂಗಾಡಿ, ಮತ್ತೆ ಬಿತ್ತು. ಆದರೂ ಎತ್ತಿತು.

ಐದನೆಯ ದಿನ ವರದಿಗಳು ಬಂದವು. ಹಕ್ಕಿಜ್ವರ ಇಲ್ಲ. ರೊಟ್ಟಿಯಲ್ಲಿ ಯಾವ ಕೀಟನಾಶಕವೂ ಇಲ್ಲ. ಹನುಮಂತರಾಯಪ್ಪ ನನ್ನನ್ನು ಜೀಪಿನ ಬಳಿ ಕರೆದು ದನಿ ತಗ್ಗಿಸಿದರು.

"ಮೇಡಂ, ನೀವೇ ನಂಜು ಅಂದ್ರಲ್ಲ? ನಂಜು ಅಂದ್ರೂ ವಿಷ ಅಂದ್ರೂ ಒಂದೇ ತಾನೆ. ವಿಷದಿಂದ ಸತ್ತವು ಅಂತ ಅಷ್ಟು ಬರೀರಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಆ ಗುಂಡಿಗೆ ಏನು ಸುರೀತಾ ಇದಾರೆ ಅಂತ ನಿಮಗೆ ಗೊತ್ತಿತ್ತಾ?"

"ಪಾರ್ಟಿ ಹಾಲ್‌ನೋರು. ಪುಕ್ಕಟೆ ತುಂಬಿಸ್ಕೊಡ್ತಾರೆ. ಸೈಟು ಮಟ್ಟ ಆಗ್ಬೇಕಲ್ಲ, ಮನೆ ಕಟ್ಬೇಕು" ಎಂದರು. ಮುಖದಲ್ಲಿ ಸಂಕೋಚದ ಗೆರೆಯೂ ಇರಲಿಲ್ಲ. ತಮ್ಮ ಹೆಂಡತಿಯ ಹಕ್ಕಿಗಳನ್ನು ಕೊಂದದ್ದು ತಮ್ಮದೇ ಗುಂಡಿ ಎಂದು ಅವರಿಗೆ ಮೊದಲ ದಿನವೇ ಅಂದಾಜಿತ್ತೆಂದು ನನಗಾಗ ಹೊಳೆಯಿತು. ದೂರುತ್ತಿದ್ದ ಬಾಡಿಗೆಯವಳನ್ನು ಓಡಿಸಲು ಆ ಸಾವು ಅನುಕೂಲವಾಗಿ ಒದಗಿತ್ತು. ಹುಳು ತುಂಬಿದ ಹೊಟ್ಟೆ ಕೊಯ್ದಾಗ ಆಗದ ಹೇಸಿಗೆ ಆ ಮನುಷ್ಯನ ಪಕ್ಕ ನಿಂತಾಗ ನನಗಾಯಿತು.

ಲೆಟರ್ ಬರೆದೆ. ಗೇಟಿನ ಬಳಿ ನೆರೆಯವರನ್ನು ಕರೆದು ಗಟ್ಟಿಯಾಗಿ ಓದಿದೆ: ಸಾವಿಗೆ ಕಾರಣ ಬೊಟ್ಯುಲಿಸಂ ಎಂದು ಲಕ್ಷಣಗಳು ಹೇಳುತ್ತವೆ, ಮೂಲ, ಮಾಲೀಕರ ಸ್ವಂತ ಖಾಲಿ ನಿವೇಶನದಲ್ಲಿ ಸುರಿದ ಕೊಳೆತ ಮಾಂಸಾಹಾರ, ಬಾಡಿಗೆದಾರರ ರೊಟ್ಟಿಯಲ್ಲಿ ವಿಷವಿಲ್ಲ. ಒಂದು ಪ್ರತಿ ಪಾಲಿಕೆಗೆ ಕಳಿಸಿದೆ. ಹನುಮಂತರಾಯಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಮಧ್ಯಾಹ್ನ ಟ್ರ್ಯಾಕ್ಟರ್ ಬಂದಾಗ ಜಯಮ್ಮ ಅದರ ಮುಂದೆ ನಿಂತು, "ಒಂದು ಚೀಲ ಇಳಿಸು ನೋಡೋಣ. ನಿನ್ನ ಟ್ರ್ಯಾಕ್ಟರ್ ಇಲ್ಲೇ ಇರುತ್ತೆ" ಎಂದರಂತೆ. ಡ್ರೈವರ್ ಹಾಗೇ ವಾಪಸ್ಸು ಹೋದ. ಗುಂಡಿ ತೆರವಾಗಲು ಇನ್ನೂ ಮೂರು ವಾರ ಹಿಡಿಯಿತು. ಐದು ಹೆಬ್ಬಾತು ಉಳಿದವು.

ಆದರೆ ಮಹಾದೇವಿ ಉಳಿಯಲಿಲ್ಲ. ತಿಂಗಳ ಮೇಲೆ ಹಕ್ಕಿಗಳನ್ನು ನೋಡಲು ಹೋದಾಗ ಅವಳ ಕೋಣೆಗೆ ಬೀಗ ಬಿದ್ದಿತ್ತು. "ಕೆಂಗೇರಿ ಉಪನಗರಕ್ಕೆ ಹೋದ್ಲು ಮೇಡಂ. ನಾನು ಎಷ್ಟೋ ಹೇಳ್ದೆ. ಇಲ್ಲಿ ಯಾರೂ ರೊಟ್ಟಿ ತಗೋತಾ ಇರ್ಲಿಲ್ಲ" ಎಂದರು ಜಯಮ್ಮ.

ನನ್ನ ಲೆಟರನ್ನು ಎಲ್ಲರೂ ಕೇಳಿಸಿಕೊಂಡಿದ್ದರು, ಯಾರೂ ಸುಳ್ಳೆನ್ನಲಿಲ್ಲ. ಅವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಮೊದಲ ದಿನ ಸರ್ಕಾರಿ ಡಾಕ್ಟರು ಗ್ಲೌಸ್ ಹಾಕಿಕೊಂಡು ಆ ಡಬ್ಬಿಗೆ ಕೈ ಹಾಕಿದ ದೃಶ್ಯ. ಹನುಮಂತರಾಯಪ್ಪ ಬಯಸಿದ್ದನ್ನು ಕೊನೆಗೆ ಮಾಡಿಕೊಟ್ಟವಳು ನಾನೇ.

ನಿವೃತ್ತಿಯಾದ ಮೇಲೆ ಹೊಸಬರಿಗೆ ಪಾಠ ಹೇಳಲು ಆಗಾಗ ಕರೆಯುತ್ತಾರೆ. ಬೊಟ್ಯುಲಿಸಂ ಪುಸ್ತಕದಲ್ಲಿದೆ, ಓದಿಕೊಳ್ಳಿ ಎನ್ನುತ್ತೇನೆ. ಅದರಲ್ಲಿ ಇಲ್ಲದ ಒಂದನ್ನು ಮಾತ್ರ ಹೇಳುತ್ತೇನೆ. ನೀವು ಹೋದ ಕೂಡಲೇ ಯಾರಾದರೂ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆ ಕಡೆ ತಿರುಗಬೇಡಿ. ಮೊದಲು ಪ್ರಾಣಿಯನ್ನು ಮುಟ್ಟಿ, ಆಮೇಲೆ ಅದು ಮೇಯ್ದ ನೆಲಕ್ಕೆ ಇಳಿಯಿರಿ, ಎಷ್ಟೇ ನಾರುತ್ತಿದ್ದರೂ.